ಟ್ಯಾಗಕ್ಕನ ಸಹಿ

ಆಫೀಸಿನಲ್ಲಿ ಅವಳಿಗೆ ಟ್ಯಾಗಕ್ಕ ಎಂದು ಹೆಸರು ಬಿದ್ದು ಹನ್ನೆರಡು ವರ್ಷವಾಗಿತ್ತು. ಹೆಸರಿಟ್ಟವನು ಕೆಲಸ ಬಿಟ್ಟು ಎಲ್ಲಿಗೆ ಹೋದನೋ ಏನೋ, ಹೆಸರು ಮಾತ್ರ ಇವಳಿಗೆ ಅಂಟಿಕೊಂಡು ಕೂತಿತು. ವೆಬ್‌ಸೈಟಿನ ಪುಟ ಅಂದರೆ ನಾವು ನೀವು ನೋಡುವ ಬಣ್ಣ, ಚಿತ್ರ, ಅಕ್ಷರ ಇಷ್ಟೇ ಅಲ್ಲ. ಅದರ ಹಿಂದೆ ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ, ಇದು ಒತ್ತುವ ಬಟನ್ ಎಂದು ಒಂದೊಂದಕ್ಕೂ ಗುರುತು ಕಟ್ಟಿರುತ್ತಾರೆ. ಆ ಗುರುತಿಗೆ ಟ್ಯಾಗ್ ಎನ್ನುತ್ತಾರೆ. ಅದು ತಪ್ಪಿದ್ದು ಕಣ್ಣಿಗೆ ಬಿದ್ದರೆ ಟ್ಯಾಗಕ್ಕನಿಗೆ ಆವತ್ತು ಊಟ ಸೇರುತ್ತಿರಲಿಲ್ಲ. ತಪ್ಪು ಮಾಡಿದವರ ಮೇಜಿನ ಬಳಿ ಹೋಗಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನಿಲ್ಲುತ್ತಿದ್ದಳು.

"ಏನಪ್ಪಾ ಇದು?"

"ಹೆಡ್ಡಿಂಗು ಅಕ್ಕಾ."

"ಹೆಡ್ಡಿಂಗು ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಪುಟಕ್ಕೆ ಗೊತ್ತಾ? ಬರೀ ಅಕ್ಷರ ದಪ್ಪ ಮಾಡಿ ಬಿಟ್ಟಿದ್ದೀಯಲ್ಲ."

ಅವಳದೇ ಒಂದು ಪರೀಕ್ಷೆಯೂ ಇತ್ತು. ಪುಟದ ಬಣ್ಣ, ಅಂಚು, ಅಕ್ಷರದ ಗಾತ್ರ, ಯಾವುದು ಎಡಕ್ಕೆ ಯಾವುದು ಬಲಕ್ಕೆ ಎಂಬುದೆಲ್ಲ ಸಿಎಸ್‌ಎಸ್ ಎಂಬ ಬೇರೊಂದು ಕಡತದಲ್ಲಿರುತ್ತದೆ. ಅದು ಪುಟದ ಉಡುಪು. ಅದನ್ನು ತೆಗೆದುಬಿಟ್ಟರೆ ಪುಟ ಬೋಳಾಗಿ, ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರವಾಗಿ ನಿಲ್ಲುತ್ತದೆ. ಹಾಗೆ ನಿಂತಾಗಲೂ ಮೇಲಿನಿಂದ ಕೆಳಕ್ಕೆ ಓದುತ್ತಾ ಹೋದರೆ ಅರ್ಥವಾಗಬೇಕು. ಆಗ ಮಾತ್ರ ಪುಟ ನೆಟ್ಟಗಿದೆ ಎಂದು ಲೆಕ್ಕ. ಇಲ್ಲದಿದ್ದರೆ ಮೇಲೆ ಎಷ್ಟು ಜರಿ ಹೊದಿಸಿದರೂ ಅದು ಮೋಸ. "ತಾಳು, ಬಟ್ಟೆ ಬಿಚ್ಚಿ ನೋಡೋಣ" ಎಂದು ಅವಳು ಗಟ್ಟಿಯಾಗಿ ಹೇಳಿದಾಗಲೆಲ್ಲ ಹೊಸದಾಗಿ ಸೇರಿದವರು ಮುಖ ಮುಖ ನೋಡಿಕೊಂಡು ಕಿಸಕ್ಕನೆ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಆ ಮಾತಿನ ತಮಾಷೆ ಅವಳಿಗೆ ಹೊಳೆದಿತ್ತೋ ಇಲ್ಲವೋ ಯಾರಿಗೂ ತಿಳಿಯದು.

ಇಷ್ಟು ಹಟ ಎಲ್ಲಿಂದ ಬಂತು ಎಂದರೆ ಅವಳ ಅಣ್ಣನಿಂದ ಬಂತು. ಅಪ್ಪ ಹೋದಾಗ ಅವಳಿಗೆ ಒಂಬತ್ತು, ಅಣ್ಣನಿಗೆ ಹದಿನಾಲ್ಕು. ಅಲ್ಲಿಂದ ಮುಂದೆ ಅವಳಿಗೆ ಅಣ್ಣನೇ ಅಪ್ಪ. ಶಾಲೆಗೆ ಬಿಡುವುದು, ಪುಸ್ತಕಕ್ಕೆ ರಟ್ಟು ಹಾಕುವುದು, ಜಡೆ ಹೆಣೆಯುವುದು ಸಹ ಅವನೇ. ಹೆಣೆದ ಜಡೆ ಯಾವತ್ತೂ ಒಂದು ಪಕ್ಕಕ್ಕೆ ವಾಲಿರುತ್ತಿತ್ತು, ಆ ಮಾತು ಬೇರೆ. ಅವನಿಗೆ ಮೂವತ್ತು ದಾಟುವ ಹೊತ್ತಿಗೆ ಕಣ್ಣು ಅಂಚಿನಿಂದ ಮಬ್ಬಾಗುತ್ತಾ ಬಂತು. ಡಾಕ್ಟರುಗಳು ತಲೆ ಆಡಿಸಿದರು. ಮೂವತ್ತೆಂಟಕ್ಕೆ ಪೂರಾ ಹೋಯಿತು. ಅಷ್ಟರಲ್ಲಿ ಅವನು ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ. ಮುನ್ನೂರ ಚಿಲ್ಲರೆ ಒಳನಂಬರುಗಳು ಬಾಯಿಪಾಠ, ಆದ್ದರಿಂದ ಕೆಲಸ ಹೋಗಲಿಲ್ಲ. ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ತಂತ್ರಾಂಶವೊಂದನ್ನು ಹಾಕಿಸಿಕೊಂಡ. ಅದಕ್ಕೊಂದು ಹೆಂಗಸಿನ ದನಿ, ಉಸಿರು ಬಿಡದ ವೇಗ. ಅಣ್ಣ ಅದಕ್ಕೆ ವಟವಟಮ್ಮ ಎಂದು ಹೆಸರಿಟ್ಟ.

ಟ್ಯಾಗಕ್ಕ ಆಗ ಈ ಕೆಲಸಕ್ಕೆ ಹೊಸಬಳು. ಮುದ್ರಣಾಲಯವೊಂದರಲ್ಲಿ ಪುಟ ಜೋಡಿಸುತ್ತಿದ್ದವಳು, ಅದು ಬಾಗಿಲು ಹಾಕಿದ ಮೇಲೆ ವೆಬ್‌ಸೈಟ್ ಕಟ್ಟುವ ಸಣ್ಣ ಕಂಪನಿಗೆ ಸೇರಿದ್ದಳು. ತಾನು ಕಟ್ಟಿದ ಮೊದಲ ಸೈಟನ್ನು ಅಣ್ಣನಿಗೆ ತೋರಿಸಲು ಓಡಿದಳು. ಎಲ್ಲರೂ ಕಣ್ಣರಳಿಸಿ ಹೊಗಳಿದ್ದ ಸೈಟು ಅದು. ಅಣ್ಣ ಫೋನನ್ನು ಕಿವಿಯ ಹತ್ತಿರ ಹಿಡಿದ. ವಟವಟಮ್ಮ ಶುರು ಮಾಡಿದಳು: ಚಿತ್ರ, ಚಿತ್ರ, ಲಿಂಕ್, ಟೇಬಲ್, ಟೇಬಲ್ ಒಳಗೆ ಟೇಬಲ್, ಚಿತ್ರ, ಲಿಂಕ್, ಲಿಂಕ್. ಅಣ್ಣ ಎರಡು ನಿಮಿಷ ತಾಳ್ಮೆಯಿಂದ ಕೇಳಿ ಫೋನು ಕೆಳಗಿಟ್ಟ.

"ಪುಟ್ಟೀ, ಮನೆ ಚೆನ್ನಾಗಿ ಕಟ್ಟಿರ್ತೀಯ. ಆದ್ರೆ ಬಾಗಿಲು ಎಲ್ಲಿಟ್ಟಿದ್ದೀಯೇ?"

ಆ ಮಾತು ಅವಳಿಗೆ ನಾಟಿತು. ವೆಬ್ ಪುಟ ಹೀಗಿರಬೇಕೆಂದು ಹೇಳುವ ಮಾನದಂಡದ ಪುಸ್ತಕ ತಂದು ಎದುರಿಗಿಟ್ಟುಕೊಂಡಳು. ಪುಟ ಜೋಡಿಸಲು ಬಳಸಿದ್ದ ಟೇಬಲ್ಲು ಎಂಬ ಚೌಕದ ಮನೆಗಳನ್ನು ಕಿತ್ತೆಸೆದು, ಒಂದೊಂದಕ್ಕೂ ಅದರದರ ಟ್ಯಾಗ್ ಹಾಕಿ, ಉಡುಪನ್ನೆಲ್ಲ ಬೇರೆ ಕಡತಕ್ಕೆ ಸಾಗಿಸಿ, ತಿಂಗಳ ಮೇಲೆ ಅದೇ ಸೈಟನ್ನು ಮತ್ತೆ ಅಣ್ಣನ ಮುಂದೆ ಹಿಡಿದಳು. ಅವನು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾ ಹೋಗಿ ಬೇಕಾದ್ದನ್ನು ಅರ್ಧ ನಿಮಿಷದಲ್ಲಿ ಹುಡುಕಿಕೊಂಡ. ಮುಖದಲ್ಲಿ ಸಂತೋಷ ತುಳುಕುತ್ತಿತ್ತು. ಆವತ್ತೇ ಒಂದು ಬುದ್ಧಿಮಾತನ್ನೂ ಹೇಳಿದ.

"ಇನ್ನೊಂದು ಕೇಳು. ಹೌದು ಅನ್ನೋ ಬಟನ್ನ ಯಾವಾಗ್ಲೂ ಮೊದಲಿಡು. ಬೇಡ ಅನ್ನೋನು ಹುಡುಕ್ಕೊಂಡು ಹೋಗ್ಲಿ ಬಿಡು, ಅವನಿಗೇನು ಅವಸರ?"

ಅಂದಿನಿಂದ ಟ್ಯಾಗಕ್ಕನ ಪುಟಗಳಲ್ಲಿ ಒಪ್ಪಿಗೆ ಮೊದಲು, ನಿರಾಕರಣೆ ಆಮೇಲೆ. ಅದು ಅವಳ ಕೈಬರಹವಿದ್ದಂತೆ. ಊರಿನ ಹತ್ತಾರು ಸೈಟುಗಳಲ್ಲಿ ಯಾವುದು ತಂಗಿ ಕಟ್ಟಿದ್ದು, ಯಾವುದು ಬೇರೆಯವರದು ಎಂದು ಅಣ್ಣ ಕೇಳಿದೊಡನೆ ಹೇಳುತ್ತಿದ್ದ. ಎಕ್ಸ್‌ಚೇಂಜಿನ ಸಹೋದ್ಯೋಗಿಗಳ ಮುಂದೆ ಜಂಬವನ್ನೂ ಕೊಚ್ಚಿಕೊಳ್ಳುತ್ತಿದ್ದ.

ಇದು ನಡೆದದ್ದು ಒಳ್ಳೆಯ ಕಾಲದಲ್ಲಿ. ಆಮೇಲಿನ ಕಾಲದ ಕತೆ ಹೇಳಲು ನನಗೆ ಅಷ್ಟು ಇಷ್ಟವಿಲ್ಲ, ಆದರೂ ಹೇಳಬೇಕು. ಕಂಪನಿ ದೊಡ್ಡದಾಯಿತು, ಕುರ್ಚಿಗಳು ಮೆತ್ತಗಾದವು. ಚಿತ್ರ ಎಳೆದು ಬಿಟ್ಟರೆ ತಾನೇ ಪುಟ ಕಟ್ಟಿಕೊಡುವ ತಂತ್ರಾಂಶ ಬಂತು. ಅದು ಕಟ್ಟುವ ಪುಟದಲ್ಲಿ ಶೀರ್ಷಿಕೆ ಇಲ್ಲ, ಪಟ್ಟಿ ಇಲ್ಲ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ, ಯಾವುದಕ್ಕೂ ಹೆಸರಿಲ್ಲ. ನೋಡಲು ಮಾತ್ರ ಬಲು ಸೊಗಸು. ಟ್ಯಾಗಕ್ಕ ಮೀಟಿಂಗಿನಲ್ಲಿ ತಕರಾರು ತೆಗೆದಳು. ಕಂಪನಿಯ ಮಾಲೀಕರು, ಯಾರ ಮನಸ್ಸನ್ನೂ ನೋಯಿಸದೆ ಎಲ್ಲರ ಬಾಯನ್ನೂ ಮುಚ್ಚಿಸುವುದರಲ್ಲಿ ಎತ್ತಿದ ಕೈ, ನಗುನಗುತ್ತಾ ಕೇಳಿದರು.

"ಮೇಡಂ, ಎಷ್ಟು ಜನ ಕಣ್ಣಿಲ್ಲದೋರು ನಮ್ ಸೈಟ್ ನೋಡ್ತಾರೆ, ಹೇಳಿ?"

"ಒಬ್ರಂತೂ ಇದ್ದಾರೆ ಸಾರ್" ಎಂದಳು ಟ್ಯಾಗಕ್ಕ.

ಕೋಣೆಯೆಲ್ಲ ನಕ್ಕಿತು. ಅವಳು ತಮಾಷೆ ಮಾಡಿದಳೆಂದು ಎಲ್ಲರೂ ತಿಳಿದರು. ಆ ನಗು ಅವಳಿಗೆ ಎಷ್ಟು ಉರಿಯಿತೆಂದರೆ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಐದು ನಿಮಿಷ ನಿಂತಳು.

ಅಲ್ಲಿಂದ ಮುಂದೆ ಅವಳನ್ನು ಪುಟ ಕಟ್ಟುವ ಕೆಲಸಕ್ಕೆ ಕರೆಯುವುದು ನಿಂತಿತು. ಬೇರೆಯವರು ಕಟ್ಟಿ ಮುಗಿಸಿದ ಮೇಲೆ, ಕೊನೆಯ ಎರಡು ದಿನ, "ಸ್ವಲ್ಪ ಕ್ಲೀನ್ ಮಾಡಿಕೊಡಿ ಮೇಡಂ" ಎಂದು ಕೊಡುತ್ತಿದ್ದರು. ಅವಳ ನಂತರ ಸೇರಿದವರೆಲ್ಲ ಲೀಡು, ಮ್ಯಾನೇಜರು ಆದರು. ಅವಳ ಗುರುತಿನ ಚೀಟಿಯಲ್ಲಿ ಮಾತ್ರ ಕೊನೆಯವರೆಗೂ ಸಹಾಯಕಿ ಎಂದೇ ಇತ್ತು. ಅವಳು ಒಂದು ನೋಟ್‌ಬುಕ್ ಇಟ್ಟುಕೊಂಡಳು. ಸಮಯ ಸಾಲದೆ ಬಿಟ್ಟ ತಪ್ಪುಗಳನ್ನು ಅದರಲ್ಲಿ ಬರೆಯುವುದು, ಬಿಡುವಾದಾಗ ಸರಿಪಡಿಸುವುದು ಎಂದು ಲೆಕ್ಕ. ಮೊದಮೊದಲು ಬರೆದದ್ದನ್ನೆಲ್ಲ ಸರಿಪಡಿಸಿ ಗೀಟು ಹಾಕುತ್ತಿದ್ದಳು. ಆಮೇಲಾಮೇಲೆ ಬರೆಯುವುದು ಹೆಚ್ಚಾಯಿತು, ಗೀಟು ಕಡಿಮೆಯಾಯಿತು.

ಈಗ ಅಣ್ಣನ ಮನೆಯ ವಿಷಯಕ್ಕೆ ಬರೋಣ. ಅಣ್ಣ ಅತ್ತಿಗೆ ಇದ್ದದ್ದು ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಅರವತ್ತೆಂಟು ಮೆಟ್ಟಿಲು. ಅಣ್ಣನಿಗೆ ಅದು ಕಷ್ಟವಾಗಿರಲಿಲ್ಲ; ಎಣಿಸಿಕೊಂಡು ಸರಸರ ಇಳಿಯುತ್ತಿದ್ದ. ಕಷ್ಟವಿದ್ದದ್ದು ಅತ್ತಿಗೆಗೆ. ಅವಳ ಎರಡೂ ಮಂಡಿ ಸವೆದಿದ್ದವು. ಒಂದೊಂದು ಮೆಟ್ಟಿಲಿಗೂ ಕಂಬಿ ಹಿಡಿದು, ಉಸಿರು ಬಿಗಿಹಿಡಿದು ಇಳಿಯಬೇಕು. ವಾರಕ್ಕೊಮ್ಮೆ ಕೆಳಗಿಳಿದರೆ ಹೆಚ್ಚು. ಉಳಿದಂತೆ ಅಡುಗೆಮನೆ ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು ಬೀದಿ ನೋಡುತ್ತಾ ಕೂರುವಳು.

"ನಂಗೆ ಮೆಟ್ಟಿಲು ಅಂದ್ರೆ ಲೆಕ್ಕ, ಅವಳಿಗೆ ಮೆಟ್ಟಿಲು ಅಂದ್ರೆ ನೋವು" ಎಂದು ಅಣ್ಣ ಆಗಾಗ ಹೇಳುತ್ತಿದ್ದ. "ಅವಳು ಕಾಲು ಚಾಚಿದ್ರೆ ಅಂಗಳ ಸಿಗೋ ಹಾಗಿರ್ಬೇಕು, ಪುಟ್ಟಿ. ಅಷ್ಟಾದ್ರೆ ನಂಗಿನ್ನೇನೂ ಬೇಡ."

ಅದಕ್ಕಾಗಿ ನಗರದ ವಸತಿ ಕಚೇರಿಯಲ್ಲಿ ನೆಲಮಹಡಿಯ ಮನೆಗೆ ಅರ್ಜಿ ಹಾಕಿದ್ದ. ಅರ್ಜಿ ಹಾಕಿ ಹನ್ನೊಂದು ವರ್ಷವಾಗಿತ್ತು. ಪಟ್ಟಿ ಆಮೆಯ ನಡಿಗೆಯಲ್ಲಿ ಸಾಗಿ, ಅವನ ಹೆಸರು ಕೊನೆಗೂ ಮೇಲಿನ ಹತ್ತರಲ್ಲಿ ಬಂದು ನಿಂತಿತ್ತು. ಅದೇ ಸಮಯಕ್ಕೆ ವಸತಿ ಕಚೇರಿಯ ಹೊಸ ವೆಬ್‌ಸೈಟ್ ಕಟ್ಟುವ ಕೆಲಸ ಟ್ಯಾಗಕ್ಕನ ಕಂಪನಿಗೆ ಸಿಕ್ಕಿತು. ಸುದ್ದಿ ಕೇಳಿ ಅಣ್ಣ ಮಗುವಿನಂತೆ ಹಿಗ್ಗಿದ.

"ನಮ್ಮನೆ ಬಾಗಿಲನ್ನ ನೀನೇ ಇಡ್ತೀಯ ಹಾಗಾದ್ರೆ!"

ಕಟ್ಟಿದ್ದು ಅವಳಲ್ಲ. ಆ ಮಾತನ್ನು ಅಣ್ಣನಿಗೆ ಬಿಡಿಸಿ ಹೇಳಲು ಅವಳಿಗೆ ನಾಚಿಕೆಯಾಯಿತು, ಸುಮ್ಮನಾದಳು. ಕಟ್ಟಿದವನು ಡಿಸೈನರ್, ಒಳ್ಳೆಯ ಹುಡುಗನೇ, ಬಣ್ಣದಲ್ಲಿ ಪಳಗಿದ ಕೈ. ಬಟನ್ನುಗಳ ಮೇಲೆ ಅಕ್ಷರವಿದ್ದರೆ ಗಲೀಜು ಎಂಬುದು ಅವನ ನಂಬಿಕೆ. ಆದ್ದರಿಂದ ಎಲ್ಲ ಬಟನ್ನಿಗೂ ಬರೀ ಚಿತ್ರ. ಮನೆ ಮಂಜೂರಾದವರು ತಮ್ಮ ತೀರ್ಮಾನ ತಿಳಿಸುವ ಪುಟದಲ್ಲಿ ಮೂರು ಗುಂಡನೆಯ ಬಟನ್: ಮನೆಗೆ ಒಪ್ಪಿಗೆ ಎನ್ನಲು ಸರಿ ಗುರುತು, ಮುಂದಿನ ಸರದಿಗೆ ಕಾಯಲು ಗಡಿಯಾರ, ಅರ್ಜಿಯನ್ನೇ ಹಿಂದಕ್ಕೆ ಪಡೆಯಲು ಕತ್ತರಿ ಗುರುತು. ಮೊದಲು ಅವನು ಕತ್ತರಿ ಗುರುತನ್ನು ಮುಂದಿಟ್ಟು, ಸರಿ ಗುರುತನ್ನು ಕೊನೆಗೆ ಇಟ್ಟಿದ್ದ. ಅದನ್ನು ನೋಡಿದ ಮಾಲೀಕರು ಮುಖ ಸಿಂಡರಿಸಿದರು. "ಏನ್ರೀ ಇದು, ಶುರುವಲ್ಲೇ ಬೇಡ ಅನ್ನೋ ಹಾಗೆ?" ಡಿಸೈನರ್ ಅಡಿಪಾಯದ ಟ್ಯಾಗುಗಳನ್ನು ಮುಟ್ಟಲಿಲ್ಲ. ಸಿಎಸ್‌ಎಸ್‌ನಲ್ಲಿ ಒಂದೇ ಒಂದು ಸಾಲು ಬರೆದು ಬಟನ್ನುಗಳ ಕ್ರಮವನ್ನು ತಿರುಗಿಸಿದ. ಪರದೆಯ ಮೇಲೆ ಸರಿ ಗುರುತು ಮೊದಲಿಗೆ ಬಂತು. ಅಡಿಯಲ್ಲಿ ಮಾತ್ರ ಕತ್ತರಿಯೇ ಮೊದಲು. ಕಣ್ಣಿದ್ದವರು ಉಡುಪನ್ನು ನೋಡುತ್ತಾರೆ. ವಟವಟಮ್ಮ ಓದುವುದು ಅಡಿಯನ್ನು.

ಸೈಟು ಟ್ಯಾಗಕ್ಕನ ಕೈಗೆ ಬಂದದ್ದು ಗುರುವಾರ ಬೆಳಿಗ್ಗೆ. ಒಪ್ಪಿಸಬೇಕಾದದ್ದು ಶುಕ್ರವಾರ ಸಂಜೆ ನಾಲ್ಕಕ್ಕೆ. ವಸತಿ ಕಚೇರಿಯವರು ಒಂದು ಷರತ್ತು ಹಾಕಿದ್ದರು: ಈ ಸೈಟು ಮಾನದಂಡಕ್ಕೆ ತಕ್ಕಂತಿದೆ, ಎಲ್ಲ ಬಗೆಯ ಬಳಕೆದಾರರೂ ಯಾರ ನೆರವಿಲ್ಲದೆ ಬಳಸಬಹುದು ಎಂದು ತಜ್ಞರೊಬ್ಬರು ಸಹಿ ಹಾಕಿದ ಪ್ರಮಾಣಪತ್ರ ಬೇಕು. ಅದರ ಜೊತೆಗೆ, ಪುಟದ ತಪ್ಪು ಹುಡುಕುವ ತಪಾಸಣೆ ತಂತ್ರಾಂಶದಲ್ಲಿ ತಪ್ಪುಗಳ ಸಂಖ್ಯೆ ಸೊನ್ನೆ ಬರಬೇಕು. ಟ್ಯಾಗಕ್ಕ ತಪಾಸಣೆಗೆ ಹಾಕಿದಳು. ಇನ್ನೂರ ಹದಿನಾರು ತಪ್ಪು. ಒಂದೂವರೆ ದಿನ ಕತ್ತು ಎತ್ತದೆ ಕೂತು, ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅದನ್ನು ನಲವತ್ತೊಂದಕ್ಕೆ ಇಳಿಸಿದಳು. ಉಳಿದ ನಲವತ್ತೊಂದೂ ಒಂದೇ ತಪ್ಪು: ಬಟನ್ನಿಗೆ ಹೆಸರಿಲ್ಲ, ಬಟನ್ನಿಗೆ ಹೆಸರಿಲ್ಲ.

ಹೆಸರಿಡಬೇಕೆಂದರೆ ಪ್ರತಿ ಪುಟ ತೆರೆದು, ಆ ಬಟನ್ ಏನು ಮಾಡುತ್ತದೆಂದು ಡಿಸೈನರನ್ನು ಕೇಳಿ ಬರೆಯಬೇಕು. ಡಿಸೈನರ್ ರಜೆಯ ಮೇಲಿದ್ದ. ಗಂಟೆ ಮೂರೂಕಾಲು. ಮಾಲೀಕರು ಎರಡು ಸಲ ಬಂದು ಅವಳ ಕುರ್ಚಿಯ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡು ಹೋದರು. ಮೂರನೇ ಸಲ ಬಾಯಿಬಿಟ್ಟರು.

"ಮೇಡಂ, ಸೊನ್ನೆ ಬಂದ್ರೆ ಸಾಕು. ಉಳಿದಿದ್ದನ್ನ ಮುಂದಿನ ವಾರ ನೋಡ್ಕೊಳ್ಳೋಣ. ತಜ್ಞರ ಜಾಗದಲ್ಲಿ ನಿಮ್ ಹೆಸರೇ ಹಾಕಿಸಿದ್ದೀನಿ. ನಿಮ್ ಸಹಿ ಇದ್ರೆ ಯಾರೂ ಕೆದಕಲ್ಲ."

ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟರು. ಅವಳ ಹೆಸರಿನ ಮುಂದೆ 'ತಜ್ಞೆ' ಎಂದು ಅಚ್ಚಾಗಿತ್ತು.

ದಣಿವಿನಿಂದ ಹಾಗೆ ಮಾಡಿದೆ ಎಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡಳು. ದಣಿವೂ ಇತ್ತು, ಸುಳ್ಳಲ್ಲ. ಆದರೆ ಹತ್ತೊಂಬತ್ತು ವರ್ಷ ಸಹಾಯಕಿಯಾಗಿದ್ದವಳ ಕಣ್ಣಿಗೆ ಆ ಒಂದು ಪದ ಬಿದ್ದಿತ್ತು ಎಂಬುದೂ ಅಷ್ಟೇ ನಿಜ. ಅವಳು ಒಂದೇ ಆಜ್ಞೆಯಲ್ಲಿ ನಲವತ್ತೊಂದು ಬಟನ್ನಿಗೂ 'ಬಟನ್' ಎಂದೇ ಹೆಸರು ಕೊಟ್ಟಳು. ತಪಾಸಣೆ ತಂತ್ರಾಂಶಕ್ಕೆ ಹೆಸರಿದೆಯೋ ಇಲ್ಲವೋ ಎಂಬುದಷ್ಟೇ ಬೇಕು, ಹೆಸರಿನಲ್ಲಿ ಹುರುಳಿದೆಯೋ ಇಲ್ಲವೋ ಅದಕ್ಕೇನು? ಸೊನ್ನೆ ತಪ್ಪು ಎಂದು ಹಸಿರು ಬಣ್ಣದಲ್ಲಿ ತೋರಿಸಿತು. ಇಂಥ ಸೊನ್ನೆಯನ್ನು ನಂಬಬೇಡಿ ಎಂದು ಹೊಸಬರಿಗೆಲ್ಲ ಬಾಯಿ ನೋಯುವಷ್ಟು ಹೇಳಿದವಳು ಅವಳೇ. ಆವತ್ತು ಬಟ್ಟೆ ಬಿಚ್ಚಿ ನೋಡಲಿಲ್ಲ. ನೋಡಿದ್ದರೆ ಮೂರು ಬಟನ್ ತಿರುಗುಮುರುಗಾಗಿ ನಿಂತದ್ದು ಅರೆಕ್ಷಣದಲ್ಲಿ ಕಾಣುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಆ ಪರೀಕ್ಷೆ ಮಾಡದೆ ಬಿಟ್ಟದ್ದು ಅದೊಂದೇ ಸಲ. ನೋಟ್‌ಬುಕ್ಕಿನಲ್ಲಿ 'ವಸತಿ, ಬಟನ್ ಹೆಸರು, ಸೋಮವಾರ' ಎಂದು ಬರೆದು, ಸಹಿ ಹಾಕಿದಳು.

ಸೋಮವಾರ ಅವಳನ್ನು ಪಾದರಕ್ಷೆ ಅಂಗಡಿಯೊಂದರ ಸೈಟಿಗೆ ಹಾಕಿದರು. ಅದರ ಮುಂದಿನ ವಾರ ಮತ್ತೊಂದಕ್ಕೆ. ನೋಟ್‌ಬುಕ್ಕಿನ ಪುಟ ತಿರುಗಿತು, ತಿರುಗಿದ ಪುಟದ ಮೇಲೆ ಇನ್ನೂ ನಾಲ್ಕು ಪುಟ ಬಂದು ಕೂತವು. ನೆನಪಾಗಲಿಲ್ಲವೆಂದಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ನೆನಪಾಗುತ್ತಿತ್ತು, ಆಫೀಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಮರೆತುಹೋಗುತ್ತಿತ್ತು.

ಏಳು ವಾರದ ಮೇಲೆ ಅಣ್ಣನ ಫೋನಿಗೆ ಸಂದೇಶ ಬಂತು. ಆಸ್ಪತ್ರೆಯಿಂದ ಎರಡೇ ಬೀದಿ ಆಚೆ ನೆಲಮಹಡಿಯ ಮನೆ, ಎದುರಿಗೆ ಸಣ್ಣ ಅಂಗಳ. ಮೂರು ದಿನದೊಳಗೆ ಸೈಟಿನಲ್ಲಿ ತೀರ್ಮಾನ ತಿಳಿಸಬೇಕು. ಅಣ್ಣ ಎಕ್ಸ್‌ಚೇಂಜಿನಿಂದ ಅರ್ಧ ದಿನ ರಜೆ ಹಾಕಿ ಮನೆಗೆ ಬಂದ. ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ಅವಳಿಗೆ ಫೋನಿನ ಸಣ್ಣಕ್ಷರ ಸುಲಭಕ್ಕೆ ಕಾಣುವುದಿಲ್ಲ, ಆದರೂ "ನಾನು ಕನ್ನಡಕ ಹಾಕ್ಕೊಂಡು ನೋಡ್ಲಾ?" ಎಂದಳು.

"ಏನೂ ಬೇಡ, ನೀನು ಸುಮ್ನೆ ಕೂತ್ಕೊ. ಪುಟ್ಟಿ ಕಟ್ಟಿರೋದು ಇದು."

ವಟವಟಮ್ಮ ಮನೆಯ ವಿವರವನ್ನೆಲ್ಲ ಓದಿದಳು. ಕೊನೆಗೆ, ನಿಮ್ಮ ತೀರ್ಮಾನವನ್ನು ಆರಿಸಿ ಎಂದಳು. ಆಮೇಲೆ: ಬಟನ್. ಬಟನ್. ಬಟನ್.

ಅಣ್ಣ ಒಂದು ಗಳಿಗೆ ತಡೆದ. ಮತ್ತೆ ಓದಿಸಿದ. ಅದೇ ಮೂರು ಬಟನ್. ತಂಗಿಗೆ ಫೋನ್ ಮಾಡೋಣವೇ ಎಂದುಕೊಂಡ. ಅವಳಿಗೇನು ಕೆಲಸವಿಲ್ಲವೇ, ಅವಳ ರೀತಿ ನನಗೆ ತಿಳಿಯದೇ ಎಂದು ತಾನೇ ಸಮಾಧಾನ ಮಾಡಿಕೊಂಡ. ಹೌದು ಎನ್ನುವುದು ಯಾವಾಗಲೂ ಮೊದಲು. ಮೊದಲನೇ ಬಟನ್ ಒತ್ತಿದ.

ನಿಮ್ಮ ತೀರ್ಮಾನವನ್ನು ದಾಖಲಿಸಲಾಗಿದೆ, ಧನ್ಯವಾದಗಳು ಎಂದಳು ವಟವಟಮ್ಮ.

"ಆಯ್ತು ಕಣೇ" ಎಂದ ಅಣ್ಣ, ಹೆಂಡತಿಯ ಮಂಡಿಯ ಮೇಲೆ ಕೈಯಿಟ್ಟು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಜೆ ಟ್ಯಾಗಕ್ಕನಿಗೂ ಫೋನ್ ಮಾಡಿ ಹೇಳಿದ. ಅಣ್ಣ ಒಬ್ಬನೇ ಸೈಟು ಬಳಸಿ ಮುಗಿಸಿದನಲ್ಲ, ಹಾಗಾದರೆ ಎಲ್ಲ ಸರಿಯಾಗಿಯೇ ಇರಬೇಕು ಎಂದುಕೊಂಡಳು. ಎದೆಯ ಮೇಲಿನ ಭಾರ ಇಳಿದಂತಾಯಿತು. ಹಾಗೆ ಅಂದುಕೊಂಡದ್ದಕ್ಕಾಗಿ ಅವಳು ಈಗಲೂ ತನ್ನನ್ನು ಕ್ಷಮಿಸಿಲ್ಲ.

ಅತ್ತಿಗೆ ಪಾತ್ರೆಪಡಗವನ್ನು ಕಾಗದದಲ್ಲಿ ಸುತ್ತಿ ಡಬ್ಬಗಳಿಗೆ ತುಂಬತೊಡಗಿದಳು. ಹತ್ತನೇ ದಿನ ಪತ್ರ ಬಂತು. ನಿಮ್ಮ ಕೋರಿಕೆಯಂತೆ ಅರ್ಜಿಯನ್ನು ಹಿಂಪಡೆಯಲಾಗಿದೆ, ನಿಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಲಾಗಿದೆ.

ಅತ್ತಿಗೆಯ ಫೋನು ಬಂದಾಗ ಟ್ಯಾಗಕ್ಕ ಆಫೀಸಿನಲ್ಲಿದ್ದಳು. ಮಾತು ಕೇಳುತ್ತಲೇ ವಸತಿ ಸೈಟಿನ ಪುಟ ತೆರೆದಳು. ಉಡುಪು ತೆಗೆದಳು. ಬೋಳು ಪುಟದ ಮೇಲೆ ಕತ್ತರಿ, ಗಡಿಯಾರ, ಸರಿ ಗುರುತು ಆ ಕ್ರಮದಲ್ಲಿ ನಿಂತಿದ್ದವು. ಮೂರಕ್ಕೂ ಅವಳೇ ಕೊಟ್ಟ ಒಂದೇ ಹೆಸರು.

ಮರುದಿನ ಮೂವರೂ ವಸತಿ ಕಚೇರಿಗೆ ಹೋದರು. ದಾರಿಯಲ್ಲೇ ಹೇಳಿಬಿಡಬೇಕೆಂದು ಟ್ಯಾಗಕ್ಕ ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದಳು. ಮೆಟ್ಟಿಲಿಳಿಯುವಾಗ ಅತ್ತಿಗೆ ನಡುನಡುವೆ ನಿಲ್ಲುತ್ತಿದ್ದಳು, ಆಗ ಹೇಳಲಾಗಲಿಲ್ಲ. ಬಸ್ಸಿನಲ್ಲಿ ಅಣ್ಣನೇ ಮಾತೆತ್ತಿದ.

"ವಯಸ್ಸಾಯ್ತು ನೋಡು. ಬೆರಳು ಎಲ್ಲೋ ಜಾರಿರ್ಬೇಕು. ನೀನು ಅಷ್ಟು ಚೆನ್ನಾಗಿ ಇಟ್ಟಿರೋದನ್ನ ನಾನು ಹಾಳು ಮಾಡ್ಕೊಂಡೆ."

"ಅಣ್ಣಾ, ಹಾಗಲ್ಲ..." ಎಂದಳು. ಬಸ್ಸು ನಿಂತಿತು, ಜನ ನುಗ್ಗಿದರು, ಮಾತು ಅಲ್ಲೇ ಉಳಿಯಿತು. ನಿಜ ಹೇಳಬೇಕೆಂದರೆ ಜನರ ನೂಕುನುಗ್ಗಲು ಅವಳಿಗೆ ಬೇಕಾಗಿಯೇ ಇತ್ತು.

ಕಚೇರಿಯಲ್ಲಿ ಉದ್ದನೆಯ ಬೆಂಚು, ಗಾಜಿನ ಕಿಟಕಿ, ಅದರ ಹಿಂದೆ ಮಧ್ಯವಯಸ್ಸಿನ ಗುಮಾಸ್ತೆ. ಒಳ್ಳೆಯ ಹೆಂಗಸು. ಅತ್ತಿಗೆಗೆ ಕುರ್ಚಿ ತರಿಸಿ ಕೊಟ್ಟಳು. ಅಣ್ಣ ನಡೆದದ್ದನ್ನೆಲ್ಲ ಹೇಳಿ, ಬಟನ್ನುಗಳಿಗೆ ಹೆಸರಿರಲಿಲ್ಲವೇನೋ, ಒಂದು ಸಲ ಮತ್ತೆ ಅವಕಾಶ ಕೊಡಿ ಎಂದು ಕೇಳಿಕೊಂಡ. ಗುಮಾಸ್ತೆ ತಕರಾರನ್ನು ಬರೆದುಕೊಂಡು ಒಳಗೆ ಹೋಗಿ, ಅಧಿಕಾರಿಯ ಉತ್ತರ ಬರೆಸಿಕೊಂಡು ಕಡತ ತಂದಳು. ಅಣ್ಣನಿಗೆ ಓದಲಾಗದೆಂದು ತಾನೇ ಗಟ್ಟಿಯಾಗಿ, ಒಂದಕ್ಷರ ಬಿಡದೆ ಓದತೊಡಗಿದಳು. ಅದು ಅವಳ ಒಳ್ಳೆಯತನ.

"ಸೈಟಿನಲ್ಲಿ ದೋಷವಿತ್ತೆಂಬ ತಕರಾರನ್ನು ಒಪ್ಪಲಾಗದು. ಸೈಟು ಮಾನದಂಡಕ್ಕೆ ತಕ್ಕಂತಿದ್ದು, ದೃಷ್ಟಿಯಿಲ್ಲದವರೂ ಸೇರಿದಂತೆ ಎಲ್ಲರೂ ಬಳಸಬಹುದೆಂದು ತಜ್ಞರು ಪ್ರಮಾಣೀಕರಿಸಿದ್ದಾರೆ. ಆದ್ದರಿಂದ ತಪ್ಪು ಅರ್ಜಿದಾರರದ್ದು." ಹಾಳೆ ಮಗುಚಿದಳು. "ಪ್ರಮಾಣಪತ್ರ ಇಲ್ಲೇ ಇದೆ ಸಾರ್. ಸಹಿ ಮಾಡಿದೋರ ಹೆಸರು..."

ಹೆಸರನ್ನೂ ಓದಿದಳು. ಹೆಸರಿನ ಮುಂದಿದ್ದ 'ತಜ್ಞೆ' ಎಂಬುದನ್ನೂ ಓದಿದಳು.

ಅಣ್ಣ ತಲೆ ತಗ್ಗಿಸಿ ಕೇಳುತ್ತಿದ್ದವನು ತಲೆಯೆತ್ತಿದ. ಮುಖ ತಂಗಿ ನಿಂತ ಕಡೆಗೆ ಅರ್ಧ ತಿರುಗಿತು, ಮತ್ತೆ ಕಿಟಕಿಯ ಕಡೆಗೆ ಬಂತು.

"ಅವಳು ನನ್ ತಂಗೀನೇ ಮೇಡಂ" ಎಂದ ನಿಧಾನವಾಗಿ. "ಅವಳು ನೋಡದೆ ಸಹಿ ಹಾಕೋಳಲ್ಲ. ಅವಳು ಸರಿ ಅಂದಿದ್ರೆ ಸರಿಯಾಗೇ ಇರುತ್ತೆ. ತಪ್ಪು ನಂದೇ. ತಕರಾರು ವಾಪಸ್ ತಗೋತೀನಿ, ಎಲ್ಲಿ ಸಹಿ ಹಾಕ್ಬೇಕು ಹೇಳಿ."

ಗುಮಾಸ್ತೆ ಅವನ ಬೆರಳನ್ನು ಹಿಡಿದು ಹಾಳೆಯ ಮೇಲಿನ ಜಾಗಕ್ಕೆ ತಂದಳು. ತಕರಾರು ವಾಪಸ್ ಪಡೆಯುತ್ತೇನೆ ಎಂಬ ಸಾಲಿನ ಕೆಳಗೆ ಅಣ್ಣ ಸಹಿ ಹಾಕಿದ. ಅವನು ಕೊನೆಯ ಅಕ್ಷರದ ಬಾಲ ಎಳೆಯುವಾಗ ಟ್ಯಾಗಕ್ಕ ಬಾಯಿಬಿಟ್ಟಳು.

"ಆ ಪ್ರಮಾಣಪತ್ರ ಸುಳ್ಳು. ನಾನು ನೋಡ್ಲಿಲ್ಲ. ನೋಡದೇನೇ ಸಹಿ ಹಾಕ್ದೆ. ಅಣ್ಣ ಒತ್ತಿದ್ದು ಸರಿಯಾಗೇ ಇತ್ತು, ನಾವು ಬಟನ್ ತಿರುಗಿಸಿ ಇಟ್ಟಿದ್ವಿ."

ಅತ್ತಿಗೆ ಕುರ್ಚಿಯಿಂದ ಏಳಲು ಹೋಗಿ ಮಂಡಿ ಹಿಡಿದುಕೊಂಡು ಮತ್ತೆ ಕೂತಳು. ಗುಮಾಸ್ತೆ ಒಂದು ಬಿಳಿ ಹಾಳೆ ಮುಂದೆ ತಳ್ಳಿ, ಹಾಗಿದ್ದರೆ ಬರೆದು ಕೊಡಿ ಎಂದಳು. ಟ್ಯಾಗಕ್ಕ ಎಲ್ಲವನ್ನೂ ಬರೆದು ಕೊಟ್ಟಳು, ಈ ಸಲ ಓದಿ ನೋಡಿ ಸಹಿ ಹಾಕಿದಳು. ಆದರೆ ಪಟ್ಟಿಯಿಂದ ಹೆಸರು ತೆಗೆದ ಮರುದಿನವೇ ಆ ಮನೆ ಪಟ್ಟಿಯಲ್ಲಿ ಅವನ ನಂತರವಿದ್ದ ಅರ್ಜಿದಾರರಿಗೆ ಹೋಗಿತ್ತು. ಅವರು ಆಗಲೇ ಬಂದು ಬೀಗ ತೆಗೆದು ಸಾಮಾನು ಇಳಿಸಿದ್ದರು. ಅವರ ಮನೆಯಲ್ಲೂ ನಡೆಯಲಾರದ ಒಬ್ಬರಿದ್ದಾರಂತೆ. ಅಣ್ಣ ಬೇಕಾದರೆ ಹೊಸದಾಗಿ ಅರ್ಜಿ ಹಾಕಬಹುದು, ಪಟ್ಟಿಯ ಕೊನೆಯಲ್ಲಿ.

ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಅಣ್ಣ ಎಣಿಸುತ್ತಿದ್ದ. ಮೂವತ್ತನಾಲ್ಕಕ್ಕೆ ಅತ್ತಿಗೆ ಕಂಬಿ ಹಿಡಿದು ನಿಂತಳು. ಅವನೂ ನಿಂತ.

"ಆ ಹೆಸರುಗಳನ್ನ ಸರಿಯಾಗಿ ಹಾಕೋಕೆ ಎಷ್ಟು ಹೊತ್ತು ಬೇಕಾಗಿತ್ತು?" ಎಂದು ಕೇಳಿದ.

"ಮೂರು ಗಂಟೆ" ಎಂದಳು ಟ್ಯಾಗಕ್ಕ.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂವತ್ತೈದು ಎಂದು ಎಣಿಕೆ ಮುಂದುವರಿಸಿದ.

ಮರುದಿನ ಅವಳು ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ, ಒಂದೊಂದನ್ನೂ ತಾನೇ ಒತ್ತಿ ನೋಡಿ ನಲವತ್ತೊಂದು ಬಟನ್ನುಗಳಿಗೂ ಹೆಸರಿಟ್ಟು, ಮೂರನ್ನು ಅಡಿಯಲ್ಲೇ ಸರಿಯಾದ ಕ್ರಮಕ್ಕೆ ತಂದಳು. ಎರಡು ಗಂಟೆ ಐವತ್ತು ನಿಮಿಷ ಹಿಡಿಯಿತು. ಅವಳು ಬರೆದು ಕೊಟ್ಟ ಹಾಳೆ ವಾರದೊಳಗೆ ಮಾಲೀಕರ ಕೈ ಸೇರಿತು. ಒಬ್ಬ ಸಹಾಯಕಿಯ ಬೇಜವಾಬ್ದಾರಿಯಿಂದ ಹೀಗಾಯಿತು, ಆಕೆಯನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಅವರು ವಸತಿ ಕಚೇರಿಗೆ ಉತ್ತರ ಬರೆದು ಕೈ ತೊಳೆದುಕೊಂಡರು. ಆ ಪತ್ರದಲ್ಲಿ ತಜ್ಞೆ ಮತ್ತೆ ಸಹಾಯಕಿಯಾದಳು. ಪ್ರಮಾಣಪತ್ರವನ್ನು ಯಾರೂ ತೆಗೆಯಲಿಲ್ಲ, ಅದು ಇವತ್ತಿಗೂ ಆ ಸೈಟಿನ ಅಡಿಯಲ್ಲಿದೆ. ಈಗ ಅದರಲ್ಲಿ ಸುಳ್ಳೇನೂ ಇಲ್ಲ.

ಅವಳು ಅಣ್ಣನ ಮನೆಗೆ ಹೋಗುವುದನ್ನು ಬಿಟ್ಟಿಲ್ಲ. ಅವನೂ ಮುಖ ಕೊಟ್ಟು ಮಾತಾಡುತ್ತಾನೆ, ಪುಟ್ಟಿ ಎಂದೇ ಕರೆಯುತ್ತಾನೆ. ಮೊನ್ನೆ ಭಾನುವಾರ ಮೂವರೂ ಕೂತಿದ್ದಾಗ ಅವನ ಫೋನು ಸದ್ದು ಮಾಡಿತು. ಆಸ್ಪತ್ರೆಯವರು ಪಾಳಿ ಬದಲಾವಣೆಗೆ ಒಪ್ಪಿಗೆ ಕೇಳಿ ಕಳಿಸಿದ ಪುಟ. ಮೊದಲಾಗಿದ್ದರೆ ವಟವಟಮ್ಮನನ್ನು ಮಾತಾಡಿಸಿ ತಾನೇ ಮುಗಿಸುತ್ತಿದ್ದ. ಅವನು ಫೋನನ್ನು ಕೈಚಾಚಿ ಹಿಡಿದ.

"ಸ್ವಲ್ಪ ಓದ್ತೀಯಾ? ಎಲ್ಲಿ ಒತ್ಬೇಕು ನೋಡು."

ಟ್ಯಾಗಕ್ಕ ಎದುರಿಗೇ ಕೂತಿದ್ದಳು, ಕೈ ಮುಂದೆ ಹೋಯಿತು. ಅಣ್ಣನ ಕೈ ಅಡುಗೆಮನೆಯ ಕಡೆಗೆ ತಿರುಗಿತ್ತು. ಅತ್ತಿಗೆ ಮಂಡಿ ನೀವಿಕೊಳ್ಳುತ್ತಾ ಸ್ಟೂಲಿನಿಂದ ಎದ್ದು, ಕನ್ನಡಕ ಹುಡುಕಿಕೊಂಡು ಬಂದು, ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದಳು. ಅವಳು ಓದಿ ಮುಗಿಸುವವರೆಗೂ ಅಣ್ಣ ಕಾದ.